ರಾಗಿ ಖರೀದಿ ಕೇಂದ್ರ: ರೇಟಿಗೆ ಐದು ಸ್ಟಾರ್, ಕಾಯಿಸೋದಕ್ಕೆ ಒಂದು

ಮೊದಲು ರೇಟಿನ ವಿಷಯ ಹೇಳಿಬಿಡುತ್ತೇನೆ, ಅದರಲ್ಲಿ ತಕರಾರಿಲ್ಲ. 2024-25ರ ಸೀಸನ್ನಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಅದೇ ಡಿಸೆಂಬರಿನಲ್ಲಿ ನಮ್ಮ ಕಣದ ಹತ್ತಿರ ಬಂದ ವ್ಯಾಪಾರಿ ಕೇಳಿದ್ದು 3,400ಕ್ಕೆ. ನಾವು ಬೆಂಬಲ ಬೆಲೆಗೆ ಸರ್ಕಾರ ತಗೊಳ್ಳೋ ಖರೀದಿ ಕೇಂದ್ರಕ್ಕೆ ಹಾಕಿದ್ದು 12 ಕ್ವಿಂಟಲ್, ಅಂದರೆ ವ್ಯತ್ಯಾಸ 10,680 ರೂಪಾಯಿ. ಎರಡು ಎಕರೆ ಮಳೆ ನಂಬಿದ ಹೊಲದ ಮನೆಗೆ ಇದು ಸಣ್ಣ ದುಡ್ಡಲ್ಲ. 2017-18ರಲ್ಲಿ 1,900 ಇದ್ದ ಬೆಲೆ ಮರುವರ್ಷವೇ 2,897 ಆಯಿತು, 2025-26ಕ್ಕೆ 4,886 ಅಂತ ಘೋಷಣೆ ಆಯಿತು. ಹಾಗಾಗಿ ರೇಟಿಗೆ ಐದಕ್ಕೆ ಐದು.

ಉಳಿದದ್ದು ಹೇಳೋಣ. ಕೇಂದ್ರ ಇರೋದು ನಮ್ಮ ತಾಲ್ಲೂಕಿನ ಎಪಿಎಂಸಿ ಯಾರ್ಡಿನಲ್ಲಿ. ಊರಿನ ಹೆಸರು ಬೇಡ, ಮತ್ತೆ ಅಲ್ಲಿಗೇ ಹೋಗಬೇಕಲ್ವಾ.

ರಾಗಿ ಹಾಕೋಕೆ ರಾಗಿ ಇದ್ದರೆ ಸಾಲದು, ಫ್ರೂಟ್ಸ್ ಐಡಿ ಬೇಕು, ಅಂದರೆ ಸರ್ಕಾರ ರೈತರಿಗೆ ಕೊಡೋ ನೋಂದಣಿ ನಂಬರ್. ಅದಕ್ಕೆ ಪಹಣಿ ನಿಮ್ಮ ಹೆಸರಲ್ಲಿರಬೇಕು, ಆಧಾರ್ ಜೋಡಣೆ ಆಗಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ರಾಗಿ ಅಂತಲೇ ಬಿದ್ದಿರಬೇಕು. ಸಮೀಕ್ಷೆಯವರು ರಸ್ತೆಯಲ್ಲೇ ನಿಂತು ಫೋಟೊ ಹೊಡೆದು ಪಕ್ಕದ ಹೊಲದ ಜೋಳ ನಿಮ್ಮ ಲೆಕ್ಕಕ್ಕೆ ಹಾಕಿದ್ದರೆ ಕಥೆ ಮುಗೀತು, ಆಕ್ಷೇಪಣೆ ಕೊಡಿ, ಓಡಾಡಿ. ನಮ್ಮದು ಸರಿ ಇತ್ತು. ಅಪ್ಪ ಎರಡು ವರ್ಷದ ಹಿಂದೆಯೇ ಪೌತಿ ಖಾತೆ ಮಾಡಿಸಿಕೊಂಡಿದ್ದರು, ಅಂದರೆ ತೀರಿಕೊಂಡವರ ಹೆಸರಲ್ಲಿದ್ದ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಬದುವಿನ ಆ ಕಡೆ ನಮ್ಮ ಚಿಕ್ಕಪ್ಪನ ಹೊಲ. ಅದೇ ಮಣ್ಣು, ಅದೇ ಜಿಪಿಯು-28 ತಳಿಯ ಬೀಜ, ಬಿತ್ತಿದ ಟ್ರ್ಯಾಕ್ಟರೂ ಒಂದೇ. ಆದರೆ ಅವರ ಪಹಣಿ ಇವತ್ತಿಗೂ ತಾತನ ಹೆಸರಲ್ಲಿದೆ, ಅತ್ತೆಯರ ಸಹಿ ಬಾಕಿ. ತಾತ ತೀರಿಕೊಂಡಿದ್ದಾರೆ, ಅವರ ಹೆಬ್ಬೆಟ್ಟು ಎಲ್ಲಿಂದ ತರೋದು? ಚಿಕ್ಕಪ್ಪ ಅಷ್ಟೂ ರಾಗಿಯನ್ನು ಆ 3,400ಕ್ಕೇ ಕೊಟ್ಟರು.

ಇದು ನಮ್ಮೊಂದು ಮನೆಯ ಪಾಡಲ್ಲ. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದಲ್ಲಿ ಒಂದು ಹಿಡುವಳಿ ಸರಾಸರಿ ಸುಮಾರು ಎಂಟು ಎಕರೆ ಇತ್ತು, 2015-16ರ ಹೊತ್ತಿಗೆ ಮೂರೂವರೆ ಎಕರೆಗಿಂತ ಕಡಿಮೆ. ಹೊಲ ಬಾಯಿಮಾತಿನಲ್ಲಿ ಭಾಗ ಆಗುತ್ತೆ, ದಾಖಲೆ ಅಲ್ಲೇ ಇರುತ್ತೆ. ವಾರಕ್ಕೆ, ಅಂದರೆ ಬೇರೆಯವರ ಹೊಲ ಪಾಲಿಗೆ ಮಾಡುವವರ ಕಷ್ಟ ಇನ್ನೂ ಜಾಸ್ತಿ: ಬೆವರು ಸುರಿಸಿದವರ ಹೆಸರು ಪಹಣಿಯಲ್ಲಿ ಇರೋದೇ ಇಲ್ಲ, ಹೊಲದವರು ಬೆಂಗಳೂರಲ್ಲಿ ಕೂತು ಒಟಿಪಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನೋಂದಣಿ ಆದ ಮೇಲೂ ತಕ್ಷಣ ತಗೊಳ್ಳಲ್ಲ. ನವೆಂಬರ್-ಡಿಸೆಂಬರಿಗೆ ಕಟಾವು, ಖರೀದಿ ಶುರುವಾಗೋದು ಹೊಸ ವರ್ಷ ಬಂದ ಮೇಲೆ. ಅಲ್ಲಿವರೆಗೆ ಚೀಲ ನಡುಮನೆಯಲ್ಲಿ, ಇಲಿ ಕಾಯೋ ಕೆಲಸ ನಮ್ಮದು.

ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ಗೇಟಿನ ಹೊರಗೂ ಇತ್ತು. ಕೆಲವರು ರಾತ್ರಿ ಚೀಲದ ಮೇಲೇ ಮಲಗಿದ್ದರಂತೆ. ನಮ್ಮ ಸರದಿ ಬಂದಾಗ ಹುಡುಗನೊಬ್ಬ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ರಾಗಿ ತೆಗೆದ, ಅಂಗೈಯಲ್ಲಿ ಉಜ್ಜಿ ಊದಿದ, ಮೀಟರಿಗೆ ಹಾಕಿದ. 12.6 ತೋರಿಸಿತು. ತೇವಾಂಶ 12ರ ಒಳಗೆ ಇರಬೇಕು. "ಅಣ್ಣಾ, ಇನ್ನೊಂದ್ಸಲ ನೋಡಿ" ಅಂದೆ. "ಅಕ್ಕಾ, ಮಿಷನ್ ಹೇಳುತ್ತೆ, ನಾನಲ್ಲ" ಅಂದ. ಜಗಳವಾಡಲಿಲ್ಲ, ಅವನೂ ದಿನಗೂಲಿಯವನೇ. ಹನ್ನೆರಡು ಕ್ವಿಂಟಲ್ ಅಂದರೆ ಐವತ್ತು ಕೆಜಿಯ 24 ಚೀಲ. ಅಷ್ಟನ್ನೂ ಬಿಚ್ಚಿ, ಅಕ್ಕಪಕ್ಕದವರ ಹತ್ತಿರ ಟಾರ್ಪಾಲ್ ಕೇಳಿ ಸಿಮೆಂಟ್ ನೆಲದ ಮೇಲೆ ಹರವಿದೆವು. ಅಪ್ಪ ಬರಿಗಾಲಲ್ಲಿ ರಾಗಿ ಮೇಲೆ ಗೆರೆ ಎಳೆಯುತ್ತಾ ನಡೆದರು, ಒಣಗಲಿ ಅಂತ. ಟ್ರ್ಯಾಕ್ಟರಿನವನಿಗೆ ಕಾದಿದ್ದಕ್ಕೆ ಬೇರೆ ಬಾಡಿಗೆ. ಸಾಯಂಕಾಲದ ಹೊತ್ತಿಗೆ 11.8 ಬಂತು. ಆಮೇಲೆ ಜರಡಿ. ಟಾರು ರಸ್ತೆ ಮೇಲೆ ಒಕ್ಕಣೆ ಮಾಡಿದ ರಾಗಿಯಲ್ಲಿ ಕಲ್ಲು-ಮಣ್ಣು ಇದ್ದೇ ಇರುತ್ತೆ, ಅದನ್ನು ಅವರು ಬಿಡಲ್ಲ, ಬಿಡಬಾರದು ಕೂಡ. ಈ ರಾಗಿ ಕೊನೆಗೆ ಹೋಗೋದು ಪಡಿತರ ಅಂಗಡಿಗೆ, ನಮ್ಮಂಥವರ ಮುದ್ದೆಗೇ. ತೂಕದಲ್ಲಿ ಮೋಸ ಕಾಣಲಿಲ್ಲ, ಅದಕ್ಕೆ ಪೂರ್ತಿ ಅಂಕ. ಹಮಾಲಿ ಕೂಲಿ ಅಂತ ಚೀಲಕ್ಕಿಷ್ಟು ಕೈಯಿಂದ ಕೊಟ್ಟೆವು, ರಸೀದಿ ಇಲ್ಲ. ಕುಡಿಯೋ ನೀರಿನ ಟ್ಯಾಂಕ್ ಇತ್ತು, ನೀರು ಇರಲಿಲ್ಲ.

ದುಡ್ಡು ಬಂದಿದ್ದು ಯುಗಾದಿ ಕಳೆದ ಮೇಲೆ. ಡಿಸೆಂಬರಿನಲ್ಲಿ ಕೊಯ್ದ ಬೆಳೆಗೆ ಏಪ್ರಿಲ್‌ನಲ್ಲಿ ದುಡ್ಡು. ನನ್ನ ಒಂದು ಸ್ಟಾರ್ ಇದಕ್ಕೇ. ಕಟಾವು ಮಿಷನ್ನಿನವನು ಗಂಟೆಗಿಷ್ಟು ಅಂತ ಹೊಲದಲ್ಲೇ ಎಣಿಸಿಕೊಳ್ಳುತ್ತಾನೆ. ಡಿಎಪಿ ಗೊಬ್ಬರದ ಚೀಲ ಆಗ 1,350 ರೂಪಾಯಿ ಇತ್ತು, ಅಂಗಡಿಯವರು ಉದ್ರಿ ಕೊಟ್ಟಿದ್ದರೆ ಸುಗ್ಗಿಗೇ ಕೇಳುತ್ತಾರೆ. ಸಂಘದ ಕಂತು ವಾರ ತಪ್ಪಿದರೆ ಮನೆ ಮುಂದೆ ಬಂದು ಕೂರುತ್ತಾರೆ. ಸರ್ಕಾರ ಮಾತ್ರ ನಿಧಾನಕ್ಕೆ ಕೊಡುತ್ತೆ. ವ್ಯಾಪಾರಿ ಕಡಿಮೆ ಕೊಟ್ಟರೂ ಕಣದಲ್ಲೇ ನೋಟು ಎಣಿಸುತ್ತಾನೆ, ತೇವಾಂಶ ಕೇಳಲ್ಲ, ಪಹಣಿಯಂತೂ ಕೇಳೋದೇ ಇಲ್ಲ. ಸೇವೆಯ ಲೆಕ್ಕದಲ್ಲಿ ನೋಡಿದರೆ ವ್ಯಾಪಾರಿಯದೇ ಮೇಲು ಅನ್ನಬೇಕಾಗುತ್ತೆ, ಹೊಟ್ಟೆ ಉರಿಯುತ್ತೆ ಹೇಳೋಕೆ.

ನಾವು ಏಪ್ರಿಲ್‌ವರೆಗೆ ಹೇಗೆ ಕಾದೆವು ಅಂದರೆ, ತಮ್ಮ ಬೆಂಗಳೂರಲ್ಲಿ ಕ್ಯಾಬ್ ಓಡಿಸಿ ತಿಂಗಳು ತಿಂಗಳು ಕಳಿಸುತ್ತಾನೆ. ಅಷ್ಟೇ ಕಾರಣ. 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲೂ ಇದೇ ಕಂಡಿತ್ತು: ದೇಶದಲ್ಲಿ ಒಂದು ಬೇಸಾಯದ ಮನೆಯ ಸರಾಸರಿ ತಿಂಗಳ ಆದಾಯ 10,218 ರೂಪಾಯಿ, ಅದರಲ್ಲಿ ಬೆಳೆಯಿಂದ 3,798, ಕೂಲಿ-ಸಂಬಳದಿಂದ 4,063. ಹೊಲದ ಹೊರಗೆ ದುಡಿಯುವವರು ಒಬ್ಬರಾದರೂ ಇರುವ ಮನೆ ಬೆಂಬಲ ಬೆಲೆಗೆ ಕಾಯಬಹುದು. ಬರೀ ಹೊಲ ನಂಬಿದವರು ಕಾಯಲಾರರು. ಯೋಜನೆ ಮಾಡಿದ್ದು ಅವರಿಗೇ ಅಲ್ವಾ?

ಬೆಲೆ ಲೆಕ್ಕದ ಬಗ್ಗೆ ಒಂದು ಮಾತು. 2024-25ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲ್ ರಾಗಿಗೆ ಹಿಡಿದ ಖರ್ಚು 2,860, ಅದರ ಒಂದೂವರೆ ಪಟ್ಟು 4,290. ಈ ಖರ್ಚಿನಲ್ಲಿ ಕೈಯಿಂದ ಹಾಕಿದ ದುಡ್ಡೂ ಇದೆ, ಮನೆಯವರ ದುಡಿಮೆಯೂ ಇದೆ. ಸ್ವಂತ ಜಮೀನಿಗೆ ಬಾಡಿಗೆ ಹಿಡಿಯಲ್ಲ. ಅದನ್ನೂ ಸೇರಿಸಿ ಅಂತ ರೈತ ಸಂಘದವರು ಕೇಳುತ್ತಲೇ ಇದ್ದಾರೆ. ಇನ್ನು ಹುಲ್ಲಿನ ವಿಷಯ. ಆಳು ಸಿಗಲ್ಲ ಅಂತ ಕಟಾವಿಗೆ ಮಿಷನ್ ಇಳಿಸಿದರೆ ಹುಲ್ಲು ಪುಡಿಪುಡಿ, ಬಣವೆ ಒಟ್ಟೋ ಹಾಗಿಲ್ಲ. ಹುಲ್ಲಿಲ್ಲದೆ ನಾವು ಒಂದು ಹಸು ಮಾರಿದೆವು. ಹಸು ಹೋದರೆ ಹಾಲಿನ ಬಟವಾಡೆಯೂ ಹೋಯಿತು, ತಿಪ್ಪೆ ಗೊಬ್ಬರವೂ ಹೋಯಿತು, ಮುಂದಿನ ವರ್ಷ ಡಿಎಪಿ ಇನ್ನೊಂದು ಚೀಲ ಜಾಸ್ತಿ.

ಮತ್ತೆ ಹೋಗ್ತೀರಾ ಅಂತ ಕೇಳಿದರೆ, ಹೋಗುತ್ತೇವೆ. ಆ ಬೆಲೆ ಬಿಡೋಕಾಗಲ್ಲ. ಹೋಗುವವರು ಬೆಳೆ ಹೊಲದಲ್ಲಿರುವಾಗಲೇ ಸಮೀಕ್ಷೆಯಲ್ಲಿ ಏನು ಬಿದ್ದಿದೆ ನೋಡಿಕೊಳ್ಳಿ. ರಾಗಿಯನ್ನು ಮನೆಯಲ್ಲೇ ಇನ್ನೆರಡು ಬಿಸಿಲು ಜಾಸ್ತಿ ಕಾಯಿಸಿ, ಜರಡಿ ಹಿಡಿದೇ ಚೀಲ ಕಟ್ಟಿ. ಟಾರ್ಪಾಲ್, ನೀರು, ಬುತ್ತಿ ನಿಮ್ಮದೇ ಇರಲಿ. ನೋಂದಣಿಗೆ ಮಿತಿ ಇರುತ್ತೆ, ಶುರುವಾದ ದಿನವೇ ಹೋಗಿ. ಎಷ್ಟು ತಗೊಳ್ತಾರೆ ಅಂತಲೂ ಕೇಳಿಕೊಳ್ಳಿ: 2021-22ರಲ್ಲಿ ಒಬ್ಬ ರೈತನಿಂದ 20 ಕ್ವಿಂಟಲ್ ಮಾತ್ರ ಅಂತ ಕಟ್ಟು ಹಾಕಿದ್ದರು. ತೂಕ ಆದ ಮೇಲೆ ಚೀಟಿ ಕೈಗೆ ಬರೋವರೆಗೆ ಯಾರ್ಡ್ ಬಿಡಬೇಡಿ. ಪಹಣಿ ಅಜ್ಜ-ತಾತನ ಹೆಸರಲ್ಲಿದ್ದರೆ ರಾಗಿ ವಿಷಯ ಆಮೇಲೆ, ಮೊದಲು ನಾಡಕಚೇರಿಗೆ ಹೋಗಿ. ಚಿಕ್ಕಪ್ಪ ಈಗ ಅಲ್ಲಿಗೇ ಅಲೆಯುತ್ತಿದ್ದಾರೆ, ಇಬ್ಬರು ಅತ್ತೆಯರು ಒಪ್ಪಿದ್ದಾರೆ, ಮೂರನೆಯವರು ಸೈಟಿನ ರೇಟ್ ಎಷ್ಟಾಗಿದೆ ಅಂತ ವಿಚಾರಿಸುತ್ತಿದ್ದಾರೆ.