ಹಳೇ ಸ್ಪೆಕ್ಟ್ರಮ್ ಕಂಪ್ಯೂಟರ್ ರಿಪೇರಿಗೆ ಕೊಡೋರು ದಯವಿಟ್ಟು ಇದನ್ನ ಓದಿ, ನನ್ನ ಒರಿಜಿನಲ್ ಚಿಪ್ಪೇ ಹೋಯ್ತು

ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ಯೋಚನೆ ಮಾಡಿದೆ, ನಾಚಿಕೆನೂ ಆಗುತ್ತೆ, ಆದ್ರೆ ನನ್ನ ಮೆಷಿನ್ ರಿಪೇರಿಗೆ ತಗೊಂಡಿದ್ದ ಅದೇ ಮನುಷ್ಯ ಮೊನ್ನೆ ಇನ್ನೊಬ್ಬರಿಗೆ "ಕಳಿಸಿ ಸರ್ ಮಾಡ್ಕೊಡ್ತೀನಿ" ಅಂದಿದ್ದು ಕಣ್ಣಿಗೆ ಬಿತ್ತು, ಅದಕ್ಕೇ ಬರೀತಾ ಇದೀನಿ. ಹೆಸರು ಹಾಕಲ್ಲ. ಬೆಂಗಳೂರಲ್ಲಿರೋರು, ಹಳೇ ಹೋಮ್ ಕಂಪ್ಯೂಟರ್ ರೆಸ್ಟೋರ್ ಮಾಡ್ತೀನಿ, ಕಾಂಪೋಸಿಟ್ ಮಾಡ್ (ಟಿವಿಗೆ ನೇರ ವೀಡಿಯೋ ಹೋಗೋ ಹಾಗೆ ಮಾಡೋ ಬದಲಾವಣೆ) ಹಾಕ್ತೀನಿ, ಕೆಪಾಸಿಟರ್ ಎಲ್ಲಾ ಹೊಸದು ಹಾಕ್ತೀನಿ ಅಂತ ಫೋಟೋ ಸಮೇತ ತೋರಿಸೋರು. ಫೋಟೋಗಳು ನಿಜಕ್ಕೂ ಚೆನ್ನಾಗಿದ್ವು. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಬಿಲ್ ಇಲ್ಲ, ಬರೀ ಫೋನ್ ನಂಬರ್. ಈ ಹವ್ಯಾಸದಲ್ಲಿ ಎಲ್ಲರೂ ಹಂಗೇ ಅಲ್ವಾ, ನಂಬಿಕೆ ಮೇಲೇ ನಡೆಯೋದು.

ಮೆಷಿನ್ ನಮ್ಮ ದೊಡ್ಡಪ್ಪಂದು. ಸಿಂಕ್ಲೇರ್ ಸ್ಪೆಕ್ಟ್ರಮ್ ಪ್ಲಸ್, ರಬ್ಬರ್ ಕೀ ಇರೋ ಹಳೇದಲ್ಲ, 1984ರಲ್ಲಿ ಬಂತಲ್ಲ ಗಟ್ಟಿ ಕೀಬೋರ್ಡು, ಪಕ್ಕದಲ್ಲಿ ರೀಸೆಟ್ ಬಟನ್ ಇರೋದು, ಅದು. ದೊಡ್ಡಪ್ಪ 1985ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ತಂದಿದ್ದು. ಅಡಾಪ್ಟರ್, ಕ್ಯಾಸೆಟ್, ಮ್ಯಾನ್ಯುಯಲ್ ಎಲ್ಲಾ ಡಬ್ಬಿ ಸಮೇತ ಅಟ್ಟದ ಮೇಲೆ ಜೋಪಾನವಾಗಿತ್ತು. ನಾನು ಶಿವಮೊಗ್ಗಕ್ಕೆ ತಂದು ನಮ್ಮನೆ ಹಳೇ ಬಿಪಿಎಲ್ ಟಿವಿಗೆ ಹಾಕಿ ಚಾನೆಲ್ ಟ್ಯೂನ್ ಮಾಡಿದ್ರೆ ಬಂತು ನೋಡಿ, ಬಿಳಿ ಸ್ಕ್ರೀನು, ಕೆಳಗಡೆ 1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್ ಅಂತ ಆ ಒಂದು ಸಾಲು. ನಾಲ್ಕು ದಶಕದ ಮೆಷಿನ್ ರೀ, ಹಾಕಿದ ತಕ್ಷಣ ಬಂತು.

ತೊಂದರೆ ಇದ್ದಿದ್ದು ಒಂದೇ, ಎ ಎಸ್ ಡಿ ಎಫ್ ಜಿ ಐದು ಕೀ ಕೆಲಸ ಮಾಡ್ತಿರ್ಲಿಲ್ಲ. ಇದ್ರಲ್ಲಿ ಕೈ ಆಡಿಸಿದೋರಿಗೆ ಗೊತ್ತು, ಕೀಬೋರ್ಡ್ ಮೆಂಬ್ರೇನ್, ಅಂದ್ರೆ ಕೀಗಳ ಕೆಳಗಿರೋ ಪ್ಲಾಸ್ಟಿಕ್ ಹಾಳೆ, ಐದೈದು ಕೀ ಗುಂಪಾಗಿ ಹೋಗೋದು, ಪ್ಲಾಸ್ಟಿಕ್ ಒಣಗಿ ಗೆರೆ ಕಟ್ಟಾಗುತ್ತೆ ಅಷ್ಟೇ. ಹೊಸ ಮೆಂಬ್ರೇನ್ ಈಗಲೂ ತಯಾರಾಗುತ್ತೆ, ಹಾಕಿದ್ರೆ ಸರಿಹೋಗುತ್ತೆ. ಉಳಿದಿದ್ದೆಲ್ಲಾ ಸರಿಯಾಗಿತ್ತು. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಹೊಡೆದೆ, ಆ ಸತ್ತ ಐದು ಕೀ ಇದಕ್ಕೆ ಬೇಕಾಗಲ್ಲ, 65535 ಅಂತ ಬಂತು. ಅಂದ್ರೆ 48ಕೆ ರ್ಯಾಮ್ ಪೂರ್ತಿ ಇದೆ ಅಂತ. ಇದೆಲ್ಲಾ ವೀಡಿಯೋ ಮಾಡಿ ಆ ಮನುಷ್ಯನಿಗೆ ಕಳಿಸಿದ್ದೆ. ಅವರ ಉತ್ತರ ಈಗಲೂ ಫೋನಲ್ಲಿದೆ. "ಸೂಪರ್ ಸರ್, ಪಿಕ್ಚರ್ ಸಖತ್ತಾಗಿದೆ, ಕಲರ್ ಕೂಡ ಪರ್ಫೆಕ್ಟ್. ನಿಮ್ಮದು ಸುಲಭದ ಕೆಲಸ." ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮಾತಾಗಿದ್ದು ಮೂರು ಕೆಲಸ. ಮೆಂಬ್ರೇನ್, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಾವಣೆ, ಕಾಂಪೋಸಿಟ್ ವೀಡಿಯೋ. ಆರು ಸಾವಿರ, ಮೆಂಬ್ರೇನ್ ಸೇರಿಸಿ, ಅರ್ಧ ಅಡ್ವಾನ್ಸ್. ಬೆಸುಗೆ ನನಗೂ ಬರುತ್ತೆ, ಆದ್ರೆ ದೊಡ್ಡಪ್ಪನ ವಸ್ತು ಮೇಲೆ ಕಲಿಯೋದು ಬೇಡ, ಕೈ ಪಳಗಿದೋರೇ ಮಾಡ್ಲಿ ಅಂತ ಕೊಟ್ಟೆ. ಕಳಿಸೋ ಮುಂಚೆ ಕೇಸ್ ಬಿಚ್ಚಿ ಬೋರ್ಡಿನ ಫೋಟೋ ತೆಗೆದಿದ್ದೆ. ಅಡಾಪ್ಟರ್ ಕೂಡ ಡಬ್ಬಿಗೆ ಹಾಕಿ, ಮೇಲೆ ದೊಡ್ಡದಾಗಿ ಚೀಟಿ ಅಂಟಿಸಿದ್ದೆ, ಇದನ್ನೇ ಬಳಸಿ ಅಂತ. ಯಾಕೆ ಅಂದ್ರೆ ಸ್ಪೆಕ್ಟ್ರಮ್‌ದು 9 ವೋಲ್ಟ್, ಪಿನ್ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಮಾರ್ಕೆಟ್ಟಲ್ಲಿ ಸಿಗೋ ಅಡಾಪ್ಟರ್ ಬಹುತೇಕ ಉಲ್ಟಾ ಇರುತ್ತೆ, ಅದನ್ನ ಚುಚ್ಚಿದ್ರೆ ಮುಗೀತು ಕಥೆ.

ತಲುಪಿದ ಮೇಲೆ ಸ್ವಲ್ಪ ದಿನ ಸುದ್ದಿ ಇಲ್ಲ. ಆಮೇಲೆ ಒಂದು ರಾತ್ರಿ ಮೆಸೇಜು, "ಸರ್ ರ್ಯಾಮ್ ಹೋಗಿದೆ, 4116 ಎಂಟೂ ಬದಲಿಸ್ಬೇಕು, ಎಸ್‌ಪಿ ರೋಡಲ್ಲಿ ಸಿಗಲ್ಲ, ಹೊರಗಡೆಯಿಂದ ತರಿಸ್ಬೇಕು, ಎಕ್ಸ್‌ಟ್ರಾ 3500 ಆಗುತ್ತೆ." ನಾನು, ಸರ್ ವೀಡಿಯೋದಲ್ಲಿ 65535 ಬಂದಿತ್ತಲ್ಲ, ಹೆಂಗೆ ಹೋಯ್ತು ಅಂದೆ. "ಹಳೇ ಚಿಪ್ ಸರ್, ಯಾವಾಗ ಬೇಕಾದ್ರೂ ಹೋಗುತ್ತೆ." ಇರಬಹುದು ಅನ್ನಿಸ್ತು. 4116 ಅನ್ನೋ ಈ ರ್ಯಾಮ್ ಚಿಪ್ಪು ಕೈ ಕೊಡೋದು ಎಲ್ಲರಿಗೂ ಗೊತ್ತಿರೋ ವಿಷಯವೇ. ಆದ್ರೆ ಎಂಟೂ ಒಟ್ಟಿಗೆ? ಕೇಳಿದೆ. "ಒಂದು ಹೋದ್ರೆ ಎಲ್ಲಾ ಹಾಕ್ಬಿಡೋದು ಒಳ್ಳೇದು ಸರ್." ದುಡ್ಡು ಕಳಿಸಿದೆ. ಆಮೇಲೆ ದಿನಾ "ಪಾರ್ಟ್ಸ್ ಬರ್ಬೇಕು ಸರ್", "ನಾಳೆ ಪಕ್ಕಾ ಸರ್", "ಟೆಸ್ಟಿಂಗ್ ಅಲ್ಲಿದೆ ಸರ್".

ದೀಪಾವಳಿಗೆ ಎಲ್ಲರೂ ದೊಡ್ಡಪ್ಪನ ಮನೇಲಿ ಸೇರೋದು ನಮ್ಮ ಪದ್ಧತಿ. ಪಾರ್ಸೆಲ್ ಹಬ್ಬದ ಹಿಂದಿನ ದಿನ ಬಂತು, ಜೊತೆಗೆ "ಫುಲ್ ಟೆಸ್ಟೆಡ್ ಸರ್, ಎಂಜಾಯ್" ಅಂತ ಮೆಸೇಜು. ಅದನ್ನ ಹಂಗೇ ಕಾರಲ್ಲಿಟ್ಕೊಂಡು ಹೋದೆ. ದೊಡ್ಡಪ್ಪ ಬೆಳಿಗ್ಗೆಯಿಂದ ಕಾಯ್ತಿದ್ರು, ಮೊಮ್ಮಕ್ಕಳಿಗೆಲ್ಲಾ ಹೇಳಿಟ್ಟಿದ್ರು, ನಾನು ಇದ್ರಲ್ಲೇ ಪ್ರೋಗ್ರಾಮ್ ಬರೀತಿದ್ದೆ ಅಂತ. ಎಲ್ಲರೂ ಟಿವಿ ಮುಂದೆ ಕೂತ್ರು. ವೈರ್ ಹಾಕಿ ಆನ್ ಮಾಡಿದೆ.

ಬಣ್ಣ ಇಲ್ಲ, ಅಕ್ಷರ ಇಲ್ಲ, ಕಪ್ಪು ಬಿಳಿ ಪಟ್ಟೆ ಪಟ್ಟೆ. ರೀಸೆಟ್ ಒತ್ತಿದೆ, ಮತ್ತೆ ಪಟ್ಟೆ. ಕೇಬಲ್ ಬದಲಿಸಿದೆ, ಪಟ್ಟೆ. ಹುಡುಗರು ಎದ್ದು ಪಟಾಕಿ ಹೊಡೆಯೋಕೆ ಹೋದ್ರು. ದೊಡ್ಡಪ್ಪ ಮಾತ್ರ ಕೂತಿದ್ರು, "ಏನಾಯ್ತೋ, ನೀನು ಕಳಿಸೋ ಮುಂಚೆ ಬರ್ತಿತ್ತಲ್ವಾ?" ಅಂದ್ರು. ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ನನಗೆ ಉತ್ತರ ಕೊಡೋಕೆ ಬಾಯಿ ಬರ್ಲಿಲ್ಲ, ಹೂಂ ದೊಡ್ಡಪ್ಪ ಬರ್ತಿತ್ತು ಅಂದೆ ಅಷ್ಟೇ.

ಅಲ್ಲಿಂದಲೇ ಫೋನ್ ಮಾಡಿದೆ. "ಕೊರಿಯರಲ್ಲಿ ಎತ್ತಿ ಹಾಕಿರ್ತಾರೆ ಸರ್, ನಾನು ಕಳಿಸುವಾಗ ಸರಿ ಇತ್ತು." ಟೆಸ್ಟ್ ವೀಡಿಯೋ ಕಳಿಸಿ ಅಂದೆ. "ಡಿಲೀಟ್ ಆಗಿದೆ ಸರ್, ಫೋನ್ ಮೆಮೊರಿ ಫುಲ್."

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಸ್ ಬಿಚ್ಚಿದೆ. ಮೊದಲು ಕಂಡಿದ್ದು ಮಾಡ್ಯುಲೇಟರ್, ಅಂದ್ರೆ ಚಿತ್ರನ ಟಿವಿ ಚಾನೆಲ್ ಸಿಗ್ನಲ್ ಮಾಡೋ ಡಬ್ಬಿ. ಕಾಂಪೋಸಿಟ್ ಮಾಡ್ ಎಷ್ಟು ಚಿಕ್ಕ ಕೆಲಸ, ಡಬ್ಬಿ ಒಳಗೆ ಎರಡು ಕನೆಕ್ಷನ್ ಬಿಡಿಸಿ ವೀಡಿಯೋ ವೈರನ್ನ ನೇರ ಸಾಕೆಟ್ಟಿಗೆ ಕೊಡೋದು, ಬೇಕಾದ್ರೆ ಮತ್ತೆ ಮೊದಲಿನ ಹಾಗೆ ಮಾಡ್ಬಹುದು. ಈ ಮಹಾನುಭಾವ ಡಬ್ಬಿನೇ ಪೂರ್ತಿ ಕಿತ್ತು, ಬೋರ್ಡಿನ ಟ್ರ್ಯಾಕ್ ಎದ್ದು ಬಂದಿದೆ, ಅಲ್ಲಿಗೆ ಬಿಸಿ ಅಂಟು ಸುರಿದಿದ್ದಾರೆ. ಕಾಯಿಲ್ ಪಕ್ಕದ ಟಿಆರ್4 ಟ್ರಾನ್ಸಿಸ್ಟರ್ ಸುತ್ತ ಕಪ್ಪು ಸುಟ್ಟ ಕಲೆ, ನನ್ನ ಹಳೇ ಫೋಟೋದಲ್ಲಿ ಆ ಕಲೆ ಇಲ್ಲವೇ ಇಲ್ಲ. ಕೆಪಾಸಿಟರ್ ನಾಲ್ಕು ಹೊಸದು, ಉಳಿದಿದ್ದೆಲ್ಲಾ ಅದೇ ಹಳೇದು.

ಆಮೇಲೆ ಯುಎಲ್‌ಎ ನೋಡಿದೆ. ಕೈ ತಣ್ಣಗಾಯ್ತು.

ಗೊತ್ತಿಲ್ಲದೋರಿಗೆ ಹೇಳ್ತೀನಿ, ಸ್ಪೆಕ್ಟ್ರಮ್‌ಗೆ ಯುಎಲ್‌ಎ ಅನ್ನೋ ಚಿಪ್ಪೇ ಜೀವ. ಚಿತ್ರ ಬರಿಸೋದು, ಕೀಬೋರ್ಡ್ ಓದೋದು, ಟೇಪು, ಬೀಪರ್ರು ಎಲ್ಲಾ ಅದೇ. ಸಿಂಕ್ಲೇರ್‌ಗೋಸ್ಕರ ಫೆರಾಂಟಿ ಕಂಪನಿ ಮಾಡಿಕೊಟ್ಟಿದ್ದು, ಈಗ ಹೊಸದಾಗಿ ಯಾರೂ ಮಾಡಲ್ಲ, ಅದರ ಜಾಗಕ್ಕೆ ಹಾಕೋ ಆಧುನಿಕ ಬೋರ್ಡ್‌ಗಳಿವೆ ಅಷ್ಟೇ. ಅದು ಸಾಕೆಟ್ಟಲ್ಲಿ ಕೂತಿರುತ್ತೆ, ಬೆಸುಗೆ ಬೇಕಿಲ್ಲ, ಸ್ಕ್ರೂಡ್ರೈವರಲ್ಲಿ ಎತ್ತಿದ್ರೆ ಬಂತು. ನನ್ನ ಫೋಟೋದಲ್ಲಿರೋದು 6ಸಿ001ಇ-7, ಡೇಟ್ ಕೋಡ್ 8447, ಅಂದ್ರೆ 1984ರ 47ನೇ ವಾರ. ಮೂಲೆಯಲ್ಲಿ ಓರೆಯಾಗಿ ಒಂದು ಗೀರು. ಈಗ ಕೂತಿರೋದು ಬೇರೆ ಡೇಟ್ ಕೋಡ್ ಇರೋ ಬೇರೆ ಚಿಪ್ಪು, ಗೀರಿಲ್ಲ, ಒಂದು ಕಾಲು ಮುರಿದು ತಂತಿ ಬೆಸೆದಿದ್ದಾರೆ.

ಎರಡೂ ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದೆ. ಬಂದ ಉತ್ತರ ನೋಡಿ. "ಹೂಂ ಸರ್, ನಿಮ್ಮ ಯುಎಲ್‌ಎ ಮೊದಲೇ ವೀಕ್ ಇತ್ತು, ನನ್ನ ಸ್ಟಾಕಿಂದ ಹಾಕಿದೀನಿ, ಅದಕ್ಕೆ ಚಾರ್ಜ್ ಕೂಡ ಮಾಡಿಲ್ಲ." ಉಪಕಾರ ಮಾಡಿದಾರಂತೆ! ವೀಡಿಯೋ ನೋಡಿ ಪಿಕ್ಚರ್ ಸಖತ್ತು, ಕಲರ್ ಪರ್ಫೆಕ್ಟ್ ಅಂದಿದ್ದು ಇದೇ ಮನುಷ್ಯ, ಆ ಕಲರ್ ಬರಿಸಿದ್ದು ಇದೇ ಚಿಪ್ಪು. ನನ್ನ ಹಳೇದು ವಾಪಸ್ ಕಳಿಸಿ, ಕೆಟ್ಟಿದ್ರೂ ಪರವಾಗಿಲ್ಲ ಅಂದೆ. "ಡಸ್ಟ್‌ಬಿನ್ನಿಗೆ ಹೋಯ್ತು ಸರ್." ಹಾಗಾದ್ರೆ ಬದಲಿಸೋ ಮುಂಚೆ ಒಂದು ಮಾತು ಯಾಕೆ ಕೇಳಲಿಲ್ಲ? ನೀಲಿ ಟಿಕ್ ಬಂತು, ಉತ್ತರ ಬರ್ಲಿಲ್ಲ.

ಮೈಸೂರಿನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದೋರು, ಅವರ ಹತ್ರ ತಗೊಂಡು ಹೋದೆ. ಮೀಟರ್ ಇಟ್ಟು ನೋಡಿ, "ಇದಕ್ಕೆ ಉಲ್ಟಾ ಅಡಾಪ್ಟರ್ ಹಾಕಿದಾರೆ ಕಣಪ್ಪ" ಅಂದ್ರು. 4116ಗೆ ಮೂರು ವೋಲ್ಟೇಜ್ ಬೇಕು, ಪ್ಲಸ್ 5, ಪ್ಲಸ್ 12, ಮೈನಸ್ 5. ಆ ಪ್ಲಸ್ 12, ಮೈನಸ್ 5 ಹುಟ್ಟೋದೇ ಟಿಆರ್4, ಕಾಯಿಲ್ ಇರೋ ಭಾಗದಲ್ಲಿ. ಅಲ್ಲಿ ಹಾಳಾಗಿ ಮೈನಸ್ 5 ಬಿದ್ದು 12 ಮಾತ್ರ ಉಳೀತು ಅಂದ್ರೆ ಚಿಪ್ಪು ಸಾಲಾಗಿ ಸಾಯುತ್ತೆ. ಅಂದ್ರೆ ರ್ಯಾಮ್ ತಾನಾಗೇ ಹೋಗಿಲ್ಲ ಸ್ವಾಮಿ! ಇವರೇ ಸುಟ್ಟಿದ್ದು, ಸುಟ್ಟಿದ್ದಕ್ಕೆ ನನ್ನ ಹತ್ರನೇ 3500 ವಸೂಲಿ. ಅದೂ ಟಿಆರ್4 ರಿಪೇರಿ ಮಾಡದೆ ಹೊಸ ರ್ಯಾಮ್ ಹಾಕಿದ್ರಿಂದ ಅದೂ ಹೋಗಿದೆ. ಒರಿಜಿನಲ್ ಅಡಾಪ್ಟರ್ ಡಬ್ಬಿಯಲ್ಲಿ ನಾನು ಕಟ್ಟಿದ ದಾರ ಕೂಡ ಬಿಚ್ಚದೆ ಹಾಗೇ ವಾಪಸ್ ಬಂದಿತ್ತು, ಚೀಟಿ ಸಮೇತ.

ಹಿರಿಯರು ಟಿಆರ್4, ರ್ಯಾಮ್ ಎಲ್ಲಾ ಸರಿ ಮಾಡಿದ್ರು. ಕಾಪಿರೈಟ್ ಸಾಲು ಬಂತು, ಆದ್ರೆ ಕಲರ್ ಇಲ್ಲ. ಅವರ ಹತ್ರ ಇದ್ದ ಇನ್ನೊಂದು ಸ್ಪೆಕ್ಟ್ರಮ್‌ನ ಯುಎಲ್‌ಎ ಸಾಕೆಟ್ಟಿಗೆ ಹಾಕಿ ನೋಡಿದ್ರೆ ಕಲರ್ ಬಂತು. ಅಂದ್ರೆ ನನಗೆ "ಸ್ಟಾಕಿಂದ" ಹಾಕಿಕೊಟ್ಟಿದ್ದು ಕೆಟ್ಟ ಚಿಪ್ಪು.

ಇಷ್ಟಕ್ಕೇ ಮುಗೀಲಿಲ್ಲ. ಸ್ವಲ್ಪ ದಿನ ಆದ್ಮೇಲೆ ಅದೇ ನಂಬರಿಂದ ಮಾರಾಟದ ಜಾಹೀರಾತು, "ಒರಿಜಿನಲ್ ಫೆರಾಂಟಿ ಯುಎಲ್‌ಎ, ವರ್ಕಿಂಗ್, ಟೆಸ್ಟೆಡ್." ಫೋಟೋ ದೊಡ್ಡದು ಮಾಡಿ ನೋಡಿದೆ. 6ಸಿ001ಇ-7, 8447, ಮೂಲೆಯಲ್ಲಿ ಅದೇ ಓರೆ ಗೀರು. ಅದೇ! ಡಸ್ಟ್‌ಬಿನ್ನಿಗೆ ಹೋದ ಚಿಪ್ಪು! ಸ್ಕ್ರೀನ್‌ಶಾಟ್ ಕಳಿಸಿದೆ. "ಒಂದೇ ಡೇಟ್ ಕೋಡ್ ಸಾವಿರಾರು ಚಿಪ್ ಬಂದಿರುತ್ತೆ ಸರ್." ಗೀರೂ ಸಾವಿರ ಚಿಪ್ಪಿಗೆ ಒಂದೇ ಜಾಗದಲ್ಲಿ ಇರುತ್ತಾ ಅಂದೆ. ಅದಕ್ಕೆ ಬಂದಿದ್ದು ಕೊನೇ ಮೆಸೇಜು, "ನಲವತ್ತು ವರ್ಷದ ಡಬ್ಬಾಗೆ ಇಷ್ಟೊಂದು ಯಾಕೆ ಸರ್ ತಲೆ ಕೆಡಿಸ್ಕೋತೀರಾ." ಆಮೇಲೆ ಬ್ಲಾಕ್. ಸಂಜೆಗೆ ಜಾಹೀರಾತು ಮಾಯ.

ಆ ಡಬ್ಬಾ ಅನ್ನೋ ಮಾತು ಎದೆಗೆ ಚುಚ್ಚಿದೆ. ಆರು ಸಾವಿರ ಈಸ್ಕೊಳ್ಳುವಾಗ ವಿಂಟೇಜು, ಕ್ಲಾಸಿಕ್ಕು, ಕದ್ದಿದ್ದು ಸಿಕ್ಕಿಬಿದ್ದಾಗ ಡಬ್ಬಾ.

ಗ್ರಾಹಕರ ಸಹಾಯವಾಣಿ 1915ಗೆ ದೂರು ಕೊಟ್ಟಿದೀನಿ, ಬಿಲ್ ಇಲ್ಲ, ವಿಳಾಸ ಇಲ್ಲ, ಪೇಮೆಂಟ್ ಸ್ಕ್ರೀನ್‌ಶಾಟು, ಚಾಟು ಅಷ್ಟೇ ಇರೋದು, ನೋಡ್ಬೇಕು.

ಯಾರಿಗೇ ಕೊಟ್ರೂ ಬೋರ್ಡಿನ ಇಶ್ಯೂ ನಂಬರ್ (ಯಾವ ಆವೃತ್ತಿ ಅನ್ನೋದು), ಸಾಕೆಟ್ಟಲ್ಲಿರೋ ಪ್ರತಿ ಚಿಪ್ಪಿನ ಡೇಟ್ ಕೋಡು ಕಾಣೋ ಹಾಗೆ ಹತ್ತಿರದಿಂದ ಫೋಟೋ ತೆಗೀರಿ, ಆ ಫೋಟೋ ನಿಮ್ಮ ಹತ್ರ ಇದೆ ಅಂತ ಅವರಿಗೆ ಮೊದಲೇ ಗೊತ್ತಾಗ್ಲಿ. ತೆಗೆದ ಹಳೇ ಪಾರ್ಟು ಒಂದೊಂದೂ ವಾಪಸ್ ಬೇಕು ಅಂತ ಬರೆದು ಕಳಿಸಿ. ಕೊರಿಯರ್ ಮಾಡೋ ಮುಂಚೆ ಆನ್ ಆಗಿರೋ ವೀಡಿಯೋ ಬರದೆ ಬಾಕಿ ದುಡ್ಡು ಕೊಡ್ಬೇಡಿ. ಮೆಂಬ್ರೇನ್ ಮಾತ್ರ ಹೋಗಿದ್ರೆ ದಯವಿಟ್ಟು ಮನೇಲೇ ಹಾಕ್ಕೊಳ್ಳಿ, ಸ್ಕ್ರೂ ಬಿಚ್ಚಿ ಕೂರಿಸೋ ಕೆಲಸ, ಇಂಥೋರ ಕೈಗೆ ಮೆಷಿನ್ ಕೊಡ್ಬೇಡಿ. ಕೊಡ್ಲೇಬೇಡಿ.

ಮತ್ತೆ 6ಸಿ001ಇ-7, 8447, ಪಿನ್ ಒಂದರ ಕಡೆ ಮೂಲೆಯಲ್ಲಿ ಓರೆ ಗೀರು ಇರೋ ಯುಎಲ್‌ಎ ಇತ್ತೀಚೆಗೆ ಯಾರಾದ್ರೂ ತಗೊಂಡಿದ್ರೆ ನನಗೊಂದು ಮೆಸೇಜ್ ಹಾಕಿ. ನಿಮ್ಮ ತಪ್ಪೇನಿಲ್ಲ, ಜಗಳಕ್ಕೆ ಬರಲ್ಲ, ನೀವು ಕೊಟ್ಟಷ್ಟು ದುಡ್ಡು ಕೊಟ್ಟು ವಾಪಸ್ ತಗೋತೀನಿ.