ಎರಡನೇ ಬ್ಯಾಟರಿಗೆ ಯಾವುದು ಸರಿ: ಕೈಸ್ವಿಚ್ಚೋ, ಡಯೋಡೋ, ರಿಲೇಯೋ?

ಗಂಗೊಳ್ಳಿ ಅಳಿವೆ ದಾಟಿ ಬೀಡುಬಲೆ ಬಿಟ್ಟು, ಇಂಜಿನ್ ಆಫ್ ಮಾಡಿ ರಾತ್ರಿ ಕಳೆದವರಿಗೆ ಇದು ಗೊತ್ತು. ಬೆಳಗಿನ ಜಾವ ಕೀ ತಿರುಗಿಸಿದಾಗ ಸೆಲ್ಫ್ ಎಳೆಯದೆ ಬರೀ ‘ಟಕ್’ ಅಂದರೆ ಎದೆ ಧಸಕ್ಕೆನ್ನುತ್ತದೆ. ನಮ್ಮದು 30 ಅಡಿಯ ಫೈಬರ್ ದೋಣಿ, ಸಣ್ಣ ಡೀಸೆಲ್ ಇಂಜಿನ್, ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ 35 ಆಂಪಿಯರ್ ಆಲ್ಟರ್ನೇಟರ್. ಇದ್ದ ಒಂದೇ ಬ್ಯಾಟರಿ ಅವತ್ತು 11.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಬಹುತೇಕ ಖಾಲಿ. ಗಾಳಿ ಏರುತ್ತಿತ್ತು. ಪಕ್ಕದ ದೋಣಿಯವರು ಹಗ್ಗ ಹಾಕಿ ದಕ್ಕೆಗೆ ಎಳೆದು ತಂದರು.

ತಪ್ಪು ಬ್ಯಾಟರಿಯದ್ದಲ್ಲ, ಲೆಕ್ಕದ್ದು. ಜಿಪಿಎಸ್ ಮತ್ತು ಫಿಶ್‌ಫೈಂಡರ್‌ಗೆ ಒಂದೂವರೆ ಆಂಪಿಯರ್, ವೈರ್‌ಲೆಸ್ ಸೆಟ್ಟಿಗೆ ಅರ್ಧ, ಕಂಬದ ದೀಪ ಮತ್ತು ಕೆಲಸದ ಎಲ್‌ಇಡಿಗೆ ಎರಡು. ಒಟ್ಟು ನಾಲ್ಕು ಆಂಪಿಯರ್, ಒಂಬತ್ತು ಗಂಟೆಗೆ 36 ಆಂಪಿಯರ್-ಅವರ್ ಆಯಿತು. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಪೂರ್ತಿ ತುಂಬಿದ್ದರೂ ಬಳಸಲು ಸಿಗುವುದು 50; ರಾತ್ರಿಯ 36 ಕಳೆದರೆ ಇಂಜಿನ್ನಿಗೆ ಉಳಿಯುವುದು ಸ್ವಲ್ಪವೇ. ಹಾಗಾಗಿ ಇಂಜಿನ್ನಿಗೆ ಒಂದು, ರಾತ್ರಿ ಖರ್ಚಿಗೆ ಒಂದು ಅಂತ ಮಾಡಿಕೊಂಡೆ. ಎರಡನ್ನೂ ಒಂದೇ ಆಲ್ಟರ್ನೇಟರ್‌ನಿಂದ ತುಂಬಿಸುವುದು ಹೇಗೆ ಅನ್ನುವುದಕ್ಕೆ ಮೂರು ಸೀಸನ್ನಿನಲ್ಲಿ ಮೂರು ದಾರಿ ನೋಡಿದ್ದೇನೆ.

ಮೊದಲನೆಯದು ಕೈಸ್ವಿಚ್ಚು: ಒಂದು, ಎರಡು, ಎರಡೂ, ಆಫ್. ತಿರುಗಿಸುವ ದಪ್ಪ ಗುಬ್ಬಿ (ನಾಬ್), ಒಳಗೆ ತಾಮ್ರದ ತಟ್ಟೆ, ಅಷ್ಟೇ. ಅಗ್ಗ, ಕೆಟ್ಟರೆ ಬಿಚ್ಚಿ ನೋಡಬಹುದು, ವೋಲ್ಟೇಜ್ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೆನಪಿನ ಮೇಲೆ ನಡೆಯುವ ವ್ಯವಸ್ಥೆ ಅದು. ಬಲೆ ಬಿಡುವ ಗಡಿಬಿಡಿಯಲ್ಲಿ ಗುಬ್ಬಿಯನ್ನು ‘ಎರಡೂ’ದಿಂದ ತಿರುಗಿಸಲು ಮರೆತರೆ ಎರಡು ಬ್ಯಾಟರಿಯೂ ಜೊತೆಯಲ್ಲೇ ಇಳಿಯುತ್ತವೆ. ನಾನು ಆ ಸೀಸನ್ನಿನಲ್ಲಿ ಎರಡು ಸಲ ಮರೆತೆ. ಇನ್ನೊಂದು ಅಪಾಯ: ಇಂಜಿನ್ ಓಡುತ್ತಿರುವಾಗ ಗುಬ್ಬಿ ಆಫ್ ಮೇಲೆ ಹಾದುಹೋದರೆ ಆಲ್ಟರ್ನೇಟರ್‌ನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಸುಟ್ಟುಹೋಗಬಹುದು. ದೋಣಿಗೆ ಹೊಸ ಹುಡುಗ ಬಂದರೆ ಮೊದಲು ಹೇಳಬೇಕಾದ ಮಾತೇ ಇದು.

ಎರಡನೇ ಸೀಸನ್ನಿಗೆ ಡಯೋಡ್ ಐಸೊಲೇಟರ್. ಅಲ್ಯುಮಿನಿಯಂ ರೆಕ್ಕೆಗಳಿರುವ ಪೆಟ್ಟಿಗೆ, ತಿರುಗಿಸುವ ಕೆಲಸವೇ ಇಲ್ಲ. ಒಂದು ಬ್ಯಾಟರಿಯ ಕರೆಂಟ್ ಇನ್ನೊಂದಕ್ಕೆ ಹೋಗುವುದೇ ಇಲ್ಲ. ಬಹಳ ಖುಷಿಯಾಗಿತ್ತು, ಮೀಟರ್ ಹಿಡಿಯುವವರೆಗೆ. ಆಲ್ಟರ್ನೇಟರ್ ಹತ್ತಿರ 14.2, ಡಯೋಡ್ ದಾಟಿದ ಮೇಲೆ 13.5. ಸಾದಾ ಸಿಲಿಕಾನ್ ಡಯೋಡ್ 0.6ರಿಂದ 0.7 ವೋಲ್ಟ್ ತಾನೇ ತಿನ್ನುತ್ತದೆ, ಅದು ಅದರ ಗುಣ. ಲೆಡ್ ಆಸಿಡ್ ಪೂರ್ತಿ ತುಂಬಬೇಕಾದರೆ 14.4ರ ಸುತ್ತಮುತ್ತ ಬೇಕು. ದಿನಾ ಅರೆಹೊಟ್ಟೆಯಲ್ಲಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟುತ್ತದೆ. ಸೀಸನ್ ಮುಗಿಯುವಷ್ಟರಲ್ಲಿ ರಾತ್ರಿ ಬ್ಯಾಟರಿ ನಾಲ್ಕೇ ತಾಸಿನಲ್ಲಿ ಸೋಲುತ್ತಿತ್ತು. ನಷ್ಟ ಸರಿತೂಗಿಸಿಕೊಳ್ಳುವ ಆಲ್ಟರ್ನೇಟರ್ ಇದ್ದವರಿಗೆ ಇದು ಸರಿಹೋಗಬಹುದು, ನಮ್ಮಂಥ ಹಳೇ ಇಂಜಿನ್ನಿಗಲ್ಲ.

ಮೂರನೆಯದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ, ಅಂದರೆ ತಾನಾಗಿ ಕೂಡಿ ಬಿಡುವ ಸ್ವಿಚ್ಚು. ಇಂಜಿನ್ ಬ್ಯಾಟರಿ 13.3 ತಲುಪಿದಾಗ ಎರಡನ್ನೂ ಕೂಡಿಸುತ್ತದೆ, 12.8ಕ್ಕಿಳಿದರೆ ಬಿಡಿಸುತ್ತದೆ. ಇಂಜಿನ್ ನಿಂತ ಸ್ವಲ್ಪ ಹೊತ್ತಿಗೆ ಇಂಜಿನ್ ಬ್ಯಾಟರಿ ತನ್ನಷ್ಟಕ್ಕೆ ಬೇರೆಯಾಗುತ್ತದೆ. ಆದರೆ ಮೊದಲ ವಾರ ಅದೂ ಕಾಡಿತು: ಟಕ್, ಟಕ್, ಟಕ್, ನಿಮಿಷಕ್ಕೆ ಹತ್ತು ಸಲ. ರಿಲೇಯನ್ನು ಮುಂದಿನ ಅಣಿಯದಲ್ಲಿ (ದೋಣಿಯ ಮುಂತುದಿಯಲ್ಲಿ), ಹೊಸ ಬ್ಯಾಟರಿ ಪಕ್ಕ ಇಟ್ಟಿದ್ದೆ. ಮೂರೂವರೆ ಮೀಟರ್ ದೂರಕ್ಕೆ 4 ಸ್ಕ್ವೇರ್ (ಚದರ ಮಿಲಿಮೀಟರ್) ವೈರು. ಹೋಗಿ ಬರುವ ಏಳು ಮೀಟರಿನಲ್ಲಿ 20 ಆಂಪಿಯರ್ ಹರಿದರೆ 0.6 ವೋಲ್ಟ್ ವೈರಿನಲ್ಲೇ ಹೋಯಿತು. ಕೂಡಿದ ಕೂಡಲೇ ವೋಲ್ಟೇಜ್ ಕುಸಿದದ್ದು ಕಂಡು ರಿಲೇ ಬಿಡುತ್ತದೆ, ಬಿಟ್ಟ ಮೇಲೆ ಏರಿದ್ದು ಕಂಡು ಮತ್ತೆ ಕೂಡುತ್ತದೆ. ರಿಲೇಯನ್ನು ಇಂಜಿನ್ ಬ್ಯಾಟರಿ ಬಳಿಗೆ ತಂದು, ತವರ ಲೇಪಿಸಿದ 16 ಸ್ಕ್ವೇರ್ ವೈರು ಎಳೆದೆ. ನಷ್ಟ 0.15ಕ್ಕೆ ಇಳಿಯಿತು, ಟಕ್ ಟಕ್ ನಿಂತಿತು. ಡಯೋಡ್‌ನಲ್ಲಿ ನೋಡಿದ ತೊಂದರೆಯಲ್ಲೂ ವೈರಿನ ಪಾಲು ಇತ್ತೆಂದು ಆಗ ಹೊಳೆಯಿತು.

ಸೋಲಾರ್ ಸಾಕಲ್ಲವೇ ಅಂತ ಕೇಳುತ್ತಾರೆ. 50 ವ್ಯಾಟ್ ಪ್ಯಾನೆಲ್ ಒಳ್ಳೇ ಬಿಸಿಲಿನಲ್ಲೂ ದಿನಕ್ಕೆ 12–14 ಆಂಪಿಯರ್-ಅವರ್ ಕೊಟ್ಟರೆ ಹೆಚ್ಚು. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡದ ಮೇಲಿದ್ದಾಗ ಬ್ಯಾಟರಿ ಕಾಪಾಡಲು ಒಳ್ಳೆಯದು. ಲಿಥಿಯಂ ಹಗುರ, ನಿಜ. ಆದರೆ ಅದನ್ನು ಲೆಡ್ ಆಸಿಡ್ ಜೊತೆ ಬರೀ ರಿಲೇಯಿಂದ ಕೂಡಿಸುವುದು ಸರಿಯಲ್ಲ, ನಡುವೆ ವೋಲ್ಟೇಜ್ ಹೊಂದಿಸಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕು. ಆ ಖರ್ಚು ನಮಗೆ ಈಗ ಏಳುವುದಿಲ್ಲ.

ಇವತ್ತು ದೋಣಿಯಲ್ಲಿರುವುದು ರಿಲೇ. ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಹಳೇ ಕೈಸ್ವಿಚ್ಚನ್ನು ಬಿಸಾಡಲಿಲ್ಲ, ತುರ್ತಿಗೆ ಎರಡನ್ನೂ ಜೋಡಿಸಲು ಪಕ್ಕದಲ್ಲೇ ಇದೆ. ನೆಗೆಟಿವ್ ಎರಡಕ್ಕೂ ಒಂದೇ. ಕೂಡಿಸುವ ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಎರಡು ತುದಿಗೂ ಗೇಣಿನೊಳಗೆ ಫ್ಯೂಸ್. ನೀರೆತ್ತುವ ಪಂಪು ಮಾತ್ರ ಯಾವ ಸ್ವಿಚ್ಚಿಗೂ ಸಿಗದ ಹಾಗೆ, ತನ್ನದೇ ಫ್ಯೂಸಿನಿಂದ ನೇರ ಬ್ಯಾಟರಿಗೆ. ದಕ್ಕೆಯಲ್ಲಿ ಎಲ್ಲ ಆಫ್ ಮಾಡಿ ಮನೆಗೆ ಹೋದ ಮೇಲೂ ಅದು ಎಚ್ಚರ ಇರಬೇಕು.

ಈ ಸಲ ದೋಣಿ ಮೇಲೆಳೆದಾಗ ವೈರಿನ ತುದಿಗಳನ್ನು ಕತ್ತರಿಸಿ ನೋಡಿದೆ. 16 ಸ್ಕ್ವೇರ್‌ನ ಎಳೆಗಳು ಬೆಳ್ಳಗೇ ಇದ್ದವು. ಪಂಪಿಗೆ ಹೋಗುವ ಹಳೇ ಸಾದಾ ತಾಮ್ರದ ವೈರು ಹೊರಗೆ ಹೊಸದರಂತಿತ್ತು, ಸುಲಿದರೆ ಒಂದು ಗೇಣು ಒಳಗಿನವರೆಗೂ ಕಪ್ಪು. ಆಗಸ್ಟ್‌ಗೆ ಮೊದಲು ಅದನ್ನು ಬದಲಿಸುತ್ತಿದ್ದೇನೆ.