ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬೋ, ಡಯಾಂಚವೋ?

ಬೆಳೆಸಿ ಮಣ್ಣಿಗೇ ಸೇರಿಸುವ ಈ ಎರಡೂ ಗಿಡಗಳು ತಮ್ಮ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾವನ್ನು ಸಾಕುತ್ತವೆ. ಬೇರು ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಹಾಗಾದರೆ ಯಾವುದನ್ನು ಬಿತ್ತಬೇಕು? ಅದು ನಿಮ್ಮ ನೆಲ ಎಂಥದ್ದು ಅನ್ನುವುದರ ಮೇಲೆ ನಿಂತಿದೆ.

ನಾಲೆ ಬಯಲಿನ ಗದ್ದೆ, ನೀರು ನಿಲ್ಲುವ ಜಾಗ, ಸ್ವಲ್ಪ ಚೌಳು ಇದ್ದರೆ ಡಯಾಂಚವೇ ಸರಿ. ನೀರು ನಿಂತಾಗ ಇದರ ಕಾಂಡದ ಬುಡದಲ್ಲಿ, ಬೇರಿನಲ್ಲಿ ಗಾಳಿ ಸಾಗಿಸುವ ಮೆತ್ತನೆಯ ಪದರ ಬೆಳೆಯುತ್ತದೆ. ಗಂಟುಗಳಿಗೆ ಉಸಿರು ಸಿಗುತ್ತದೆ. ಇದರ ಹತ್ತಿರದ ಸಂಬಂಧಿ ಸೆಸ್ಬೇನಿಯಾ ರೋಸ್ಟ್ರಾಟಾದಲ್ಲಂತೂ ಕಾಂಡದ ಮೇಲೂ ಗಂಟು ಕಟ್ಟುತ್ತದೆ, ಎಂಥ ಗಿಡ ಅಲ್ವಾ!

ನೀರು ಬಸಿಯುವ ಕೆಂಪು ನೆಲಕ್ಕೆ ಅಪ್ಸೆಣಬು. ಬೇಗ ಬೆಳೆದು ಕಳೆ ಅಡಗಿಸುತ್ತದೆ. ಬೇರಿಗೆ ರೋಗದ ಗಂಟು ತರುವ ಬೇರುಗಂಟು ಜಂತುಹುಳುವಿನ ಕಾಟ ಇರುವ ಟೊಮೆಟೊ ಹೊಲಕ್ಕೂ ನಾನು ಇದನ್ನೇ ಹೇಳುತ್ತೇನೆ. ನೀರು ನಿಂತರೆ ಮಾತ್ರ ಸೊರಗುತ್ತದೆ.

ಯಾವುದೇ ಆಗಲಿ, ಹೂ ಬಿಡುವ ಹೊತ್ತಿಗೆ, ಸುಮಾರು 45–50 ದಿನಕ್ಕೆ ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗುತ್ತದೆ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಮುಂದಿನ ಬೆಳೆ ಹಳದಿಯಾಗಬಹುದು. ಉಳುವ ಮೊದಲು ಒಂದು ಗಿಡ ಕಿತ್ತು ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ಚೆನ್ನಾಗಿ ನಡೆದಿದೆ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿ.